ಯುಟಿಸಿಯಲ್ಲಿ ಆರೂವರೆ, ನೌಕೆಯ ಗಡಿಯಾರದಲ್ಲಿ ಎಷ್ಟು?

ಮಂಗಳನ ಮೇಲಿರುವ ಕ್ಯೂರಿಯಾಸಿಟಿ ರೋವರ್ ತೆಗೆದ ಫೋಟೊಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೂಲ ಫೈಲಿನ ಹೆಸರಿನಲ್ಲಿ ತಾರೀಕು ಹುಡುಕಿದರೆ ಸಿಗುವುದಿಲ್ಲ, ಗಂಟೆ ನಿಮಿಷವೂ ಸಿಗುವುದಿಲ್ಲ. ಅದರ ಬದಲು ಒಂಬತ್ತು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 2012ರ ಆಗಸ್ಟ್‌ನಲ್ಲಿ ರೋವರ್ ಇಳಿದ ದಿನದ ಚಿತ್ರಗಳಲ್ಲಿ ಅದು 397ರಿಂದ ಶುರುವಾಗುತ್ತದೆ. ಚಿತ್ರ ತೆಗೆದ ಗಳಿಗೆಯಲ್ಲಿ ರೋವರಿನ ಗಡಿಯಾರದಲ್ಲಿದ್ದ ಲೆಕ್ಕ ಅದು.

ಗ್ರಹಯಾನಗಳ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತಿರುವುದರಿಂದ ವಿದ್ಯಾರ್ಥಿಗಳು, ಹವ್ಯಾಸಿಗಳು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಯಾರಾದರೂ ಇಂಥ ಸಂಖ್ಯೆಗಳ ಎದುರು ಬಂದು ನಿಲ್ಲುತ್ತಾರೆ. ಆ ಸಂಖ್ಯೆಗೆ ಏನೋ ಕೂಡಿಸಿದರೆ ತಾರೀಕು ಬರುತ್ತದೆ ಎಂದು ಎಲ್ಲರೂ ಮೊದಲು ಅಂದುಕೊಳ್ಳುವುದು ಸಹಜ. ಕೂಡಿಸಿದರೆ ಸುಮಾರಾಗಿ ಸರಿಯೆನಿಸುವ ಉತ್ತರ ಬಂದೂಬಿಡುತ್ತದೆ. ಆ ಉತ್ತರ ಯಾಕೆ ಸಾಲದು, ಸರಿಯಾದ ಉತ್ತರ ಪಡೆಯಲು ತಂತ್ರಾಂಶ ಏನೇನು ಮಾಡುತ್ತದೆ ಎಂಬುದನ್ನು ಇಲ್ಲಿ ಬುಡದಿಂದ ನೋಡೋಣ.

ಗಡಿಯಾರ ಎಂದರೆ ಇಲ್ಲಿ ಮೀಟರ್

ಬಾಹ್ಯಾಕಾಶ ನೌಕೆಯ ಗಡಿಯಾರಕ್ಕೆ ವರ್ಷ, ತಿಂಗಳು, ವಾರ ಯಾವುದೂ ಗೊತ್ತಿಲ್ಲ. ಒಂದು ಸ್ಫಟಿಕ ಕಂಪಿಸುತ್ತದೆ, ಇಂತಿಷ್ಟು ಕಂಪನವಾದಾಗ ಎಣಿಕೆಗೆ ಒಂದು ಸೇರುತ್ತದೆ. ಗಾಡಿಯಲ್ಲಿ ಓಡಿದ ಕಿಲೋಮೀಟರ್ ತೋರಿಸುವ ಮೀಟರ್ ಇರುತ್ತದಲ್ಲ, ಹಾಗೆ. ಈ ಎಣಿಕೆಗೆ ಎಸ್‌ಸಿಎಲ್‌ಕೆ ಎಂದು ಹೆಸರು. ಕೆಲಸ ಮಾಡುವವರ ಬಾಯಲ್ಲಿ ಅದು ಎಸ್‌ಕ್ಲಾಕ್.

ಹೆಚ್ಚಿನ ನೌಕೆಗಳಲ್ಲಿ ಈ ಮೀಟರಿಗೆ ಎರಡು ಮನೆಗಳು. ದೊಡ್ಡ ಮನೆ ಹೆಚ್ಚುಕಡಿಮೆ ಒಂದೊಂದು ಸೆಕೆಂಡ್ ಎಣಿಸುತ್ತದೆ, ಸಣ್ಣ ಮನೆ ಆ ಸೆಕೆಂಡಿನ ತುಣುಕುಗಳನ್ನು. ಶನಿಗ್ರಹಕ್ಕೆ ಹೋಗಿದ್ದ ಕ್ಯಾಸಿನಿಯಲ್ಲಿ ಸಣ್ಣ ಮನೆ 0ಯಿಂದ 255ರವರೆಗೆ ಎಣಿಸಿ, 256ನೆಯದಕ್ಕೆ ದೊಡ್ಡ ಮನೆಗೆ ಒಂದು ದಾಟಿಸುತ್ತಿತ್ತು. ಅತಿ ಚಿಕ್ಕ ಎಣಿಕೆಗೆ ಟಿಕ್ ಎನ್ನುತ್ತಾರೆ. 256 ಟಿಕ್‌ಗೆ ಒಂದು ಸೆಕೆಂಡ್ ಎಂದರೆ ಒಂದು ಟಿಕ್ ಸುಮಾರು 3.9 ಮಿಲಿಸೆಕೆಂಡ್.

ಎಲ್ಲ ನೌಕೆಗಳೂ ಇಷ್ಟು ಸೀದಾ ಅಲ್ಲ. ಗುರುಗ್ರಹ ಸುತ್ತಿದ ಗೆಲಿಲಿಯೋದ ಗಡಿಯಾರಕ್ಕೆ ನಾಲ್ಕು ಮನೆಗಳು. ಕೊನೆಯ ಮನೆಯಲ್ಲಿ 8 ಆದರೆ ಮೂರನೆಯದಕ್ಕೆ ಒಂದು, ಅಲ್ಲಿ 10 ಆದರೆ ಎರಡನೆಯದಕ್ಕೆ ಒಂದು, ಅಲ್ಲಿ 91 ಆದರೆ ಮೊದಲನೆಯದಕ್ಕೆ ಒಂದು. ಮೊದಲ ಮನೆಯ ಒಂದು ಎಣಿಕೆ ಅಂದರೆ ಅರವತ್ತು ಸೆಕೆಂಡ್ ಮತ್ತು ಮೇಲೆ ಮೂರನೇ ಎರಡು ಭಾಗ. ವಾಯೇಜರ್‌ಗಳದ್ದು ಮೂರು ಮನೆ: ದೊಡ್ಡದರ ಒಂದು ಎಣಿಕೆಗೆ 48 ನಿಮಿಷ, ನಡುವಿನದಕ್ಕೆ 48 ಸೆಕೆಂಡ್, ಕೊನೆಯದಕ್ಕೆ 0.06 ಸೆಕೆಂಡ್. ಸಾಲದ್ದಕ್ಕೆ ಈ ಕೊನೆಯ ಮನೆ ಸೊನ್ನೆಯಿಂದ ಶುರುವಾಗದೆ 1ರಿಂದ 800ರವರೆಗೆ ಓಡುತ್ತದೆ. 1970ರ ದಶಕದ ಆ ಎಂಜಿನಿಯರುಗಳಿಗೆ ಕ್ಯಾಮೆರಾ ಚಿತ್ರದ ಗೆರೆಗಳು ಮುಖ್ಯವಾಗಿದ್ದವು, ಅದಕ್ಕೆ ಹೊಂದಿಸಿ ಎಣಿಕೆ ಮಾಡಿಕೊಂಡರು. ಇವತ್ತಿನ ಪ್ರೋಗ್ರಾಮರ್ ತಲೆ ಕೆರೆದುಕೊಳ್ಳಬೇಕು.

ಒಂದೇ ಕ್ಷಣಕ್ಕೆ ನಾಲ್ಕು ಹೆಸರು

ನೌಕೆಯ ಕಡೆ ಮೀಟರ್ ಇದ್ದರೆ ಭೂಮಿಯ ಕಡೆ ಒಂದಲ್ಲ, ಹಲವು ಕಾಲಮಾನಗಳಿವೆ. ನಾಲ್ಕನ್ನು ಬಲ್ಲವರಿಗೆ ಈ ಕೆಲಸಕ್ಕೆ ಸಾಕು.

ಯುಟಿಸಿ ನಮ್ಮ ದಿನಬಳಕೆಯ ಕಾಲ. ಭೂಮಿಯ ತಿರುಗುವಿಕೆಗೆ ತೀರಾ ದೂರವಾಗಬಾರದೆಂದು ಇದಕ್ಕೆ ಆಗೊಮ್ಮೆ ಈಗೊಮ್ಮೆ ಅಧಿಕ ಸೆಕೆಂಡ್ ಸೇರಿಸುತ್ತಾರೆ. 1972ರಿಂದ ಇಲ್ಲಿಯವರೆಗೆ ಹೀಗೆ 27 ಸಲ ಸೇರಿಸಿದ್ದಾರೆ. ಕೊನೆಯದು 2016ರ ಡಿಸೆಂಬರ್ 31ರಂದು. ಆ ರಾತ್ರಿ 23:59:59 ಆದಮೇಲೆ 23:59:60 ಬಂತು, ಆಮೇಲೆ ಹೊಸ ವರ್ಷ. ಅಂದರೆ ಯುಟಿಸಿಯಲ್ಲಿ ಎಲ್ಲ ದಿನಗಳಿಗೂ 86,400 ಸೆಕೆಂಡ್ ಇರುವುದಿಲ್ಲ.

ಟಿಎಐ ಪರಮಾಣು ಗಡಿಯಾರಗಳ ಕಾಲ. ಇದು ನಿಲ್ಲದೆ, ಜಿಗಿಯದೆ ಸುಮ್ಮನೆ ಓಡುತ್ತದೆ. 1972ರಲ್ಲಿ ಯುಟಿಸಿ ಇದಕ್ಕಿಂತ 10 ಸೆಕೆಂಡ್ ಹಿಂದಿತ್ತು. ಅಧಿಕ ಸೆಕೆಂಡುಗಳೆಲ್ಲ ಸೇರಿ 2017ರ ಜನವರಿ 1ರಿಂದ ಈ ಅಂತರ 37 ಸೆಕೆಂಡ್ ಆಗಿದೆ.

ಟಿಟಿ ಎಂದರೆ ಟಿಎಐಗೆ 32.184 ಸೆಕೆಂಡ್ ಕೂಡಿಸಿದ್ದು. ಖಗೋಳಜ್ಞರು ಪರಮಾಣು ಗಡಿಯಾರಕ್ಕೆ ಮೊದಲು ಬಳಸುತ್ತಿದ್ದ ಕಾಲದ ಜೊತೆ ಕೊಂಡಿ ತಪ್ಪಬಾರದೆಂದು ಈ ವಿಚಿತ್ರ ಸಂಖ್ಯೆ ಉಳಿದುಕೊಂಡಿದೆ. ಅದು ಬದಲಾಗುವುದಿಲ್ಲ.

ನಾಲ್ಕನೆಯದು ಟಿಡಿಬಿ. ಗ್ರಹಗಳು ಯಾವಾಗ ಎಲ್ಲಿರುತ್ತವೆ ಎಂದು ಲೆಕ್ಕ ಹಾಕುವವರ ಕಾಲ ಇದು. ಭೂಮಿಯ ಕಕ್ಷೆ ಸರಿಯಾದ ವೃತ್ತವಲ್ಲ. ವರ್ಷದ ಒಂದು ಕಡೆ ಸೂರ್ಯನಿಗೆ ಹತ್ತಿರ ಬಂದು ವೇಗವಾಗಿ ಓಡುತ್ತೇವೆ, ಇನ್ನೊಂದು ಕಡೆ ದೂರ ಹೋಗಿ ನಿಧಾನವಾಗುತ್ತೇವೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಈ ಏರಿಳಿತ ಭೂಮಿಯ ಮೇಲಿನ ಗಡಿಯಾರದಲ್ಲೂ ಕಾಣಬೇಕು, ಕಾಣುತ್ತದೆ. ಟಿಡಿಬಿ ಆ ಏರಿಳಿತವನ್ನು ತೆಗೆದುಹಾಕಿದ ಕಾಲ. ಟಿಟಿಗೂ ಇದಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ 1.7 ಮಿಲಿಸೆಕೆಂಡಿನ ಒಳಗೇ. ತಂತ್ರಾಂಶದಲ್ಲಿ ಈ ಕಾಲವನ್ನು 2000ದ ಜನವರಿ 1ರ ಮಧ್ಯಾಹ್ನ 12 ಗಂಟೆಯಿಂದ ಎಷ್ಟು ಸೆಕೆಂಡ್ ಕಳೆಯಿತು ಎಂಬ ಒಂದೇ ಸಂಖ್ಯೆಯಾಗಿ ಇಡುತ್ತಾರೆ. ಆ ಮಧ್ಯಾಹ್ನಕ್ಕೆ ಜೆ2000 ಎಂದೂ ಆ ಸಂಖ್ಯೆಗೆ ಇಟಿ ಎಂದೂ ಹೆಸರು. ಮಧ್ಯಾಹ್ನ 12 ಅಂದದ್ದು ಟಿಡಿಬಿಯಲ್ಲಿ. ಅದೇ ಕ್ಷಣ ಯುಟಿಸಿಯಲ್ಲಿ 11:58:55.816. ಅರ್ಧಕ್ಕರ್ಧ ತಪ್ಪುಗಳು ಹುಟ್ಟುವುದು ಇದನ್ನು ಮರೆತಾಗ.

ಯುಟಿಸಿಯಿಂದ ಇಟಿಗೆ ಒಂದು ಕೈಲೆಕ್ಕ

2024ರ ಮಾರ್ಚ್ 15, ಯುಟಿಸಿ 06:30:00 ತೆಗೆದುಕೊಳ್ಳೋಣ.

2000ದ ಜನವರಿ 1ರಿಂದ ಆ ದಿನದವರೆಗೆ 8,840 ದಿನಗಳು. ನಮ್ಮ ಎಣಿಕೆ ಮಧ್ಯಾಹ್ನದಿಂದ ಶುರುವಾದ್ದರಿಂದ ಅರ್ಧ ದಿನ ಕಳೆದು 8,839.5. ಅದನ್ನು 86,400ರಿಂದ ಗುಣಿಸಿದರೆ 76,37,32,800 ಸೆಕೆಂಡ್. ಆರೂವರೆ ಗಂಟೆಯ 23,400 ಸೇರಿಸಿ:

76,37,56,200

ಈಗ ಯುಟಿಸಿಯಿಂದ ಟಿಎಐಗೆ 37, ಅಲ್ಲಿಂದ ಟಿಟಿಗೆ 32.184, ಒಟ್ಟು 69.184:

76,37,56,269.184

ಇದು ಟಿಟಿ. ಟಿಡಿಬಿಗೆ ಹೋಗಲು ಭೂಮಿ ಆ ದಿನ ಕಕ್ಷೆಯಲ್ಲಿ ಎಲ್ಲಿತ್ತು ಎಂಬ ಕೋನ ಬೇಕು. 6.239996ಕ್ಕೆ, ಮೇಲಿನ ಸೆಕೆಂಡುಗಳನ್ನು 0.000000199096871ರಿಂದ ಗುಣಿಸಿದ್ದನ್ನು ಕೂಡಿಸಿದರೆ ಕೋನ ರೇಡಿಯನ್‌ನಲ್ಲಿ ಸಿಗುತ್ತದೆ. ಪೂರ್ತಿ ಸುತ್ತುಗಳನ್ನು ಕಳೆದರೆ ಉಳಿಯುವುದು 1.2218, ಅಂದರೆ ಸುಮಾರು 70 ಡಿಗ್ರಿ. ಕಕ್ಷೆ ವೃತ್ತವಲ್ಲವಲ್ಲ, ಅದಕ್ಕೆ ಈ ಕೋನದ ಸೈನ್ ಬೆಲೆಯ 0.01671 ಪಾಲನ್ನು ಕೋನಕ್ಕೇ ಸೇರಿಸಬೇಕು, 1.2375 ಆಗುತ್ತದೆ. ಇದರ ಸೈನ್ ಬೆಲೆಯನ್ನು 0.001657ರಿಂದ ಗುಣಿಸಿದರೆ 0.0016 ಸೆಕೆಂಡ್. ಕೊನೆಗೆ ಸಿಗುವ ಇಟಿ:

76,37,56,269.1856

ಗಮನಿಸಿ, ಜೆ2000ದಿಂದ ಎಣಿಸುತ್ತಿದ್ದೇವೆಂದು 2000ದಿಂದ ಈಚೆಗೆ ಸೇರಿದ 5 ಅಧಿಕ ಸೆಕೆಂಡುಗಳನ್ನಷ್ಟೇ ಸೇರಿಸಿದರೆ ತಪ್ಪು. ಪೂರ್ತಿ 37 ಸೇರಿಸಬೇಕು. ಯಾಕೆಂದರೆ ನಮ್ಮ ಸೊನ್ನೆ ಇರುವುದು ಯುಟಿಸಿಯ ಮಧ್ಯಾಹ್ನದಲ್ಲಲ್ಲ, ಟಿಡಿಬಿಯ ಮಧ್ಯಾಹ್ನದಲ್ಲಿ.

ಇಲ್ಲಿಯವರೆಗಿನದು ಬರೀ ಸೂತ್ರ. ಅಧಿಕ ಸೆಕೆಂಡುಗಳ ಪಟ್ಟಿಯೊಂದು ಕೈಲಿದ್ದರೆ ಕಾಗದದ ಮೇಲೂ ಮಾಡಬಹುದು. ನೌಕೆಯ ಗಡಿಯಾರಕ್ಕೆ ಇಂಥ ಸೂತ್ರವೇ ಇಲ್ಲ.

ಸೂತ್ರ ಯಾಕಿಲ್ಲ

ಸ್ಫಟಿಕ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಬಿಸಿಲಿಗೆ ಬಂದಾಗ ಒಂದು ವೇಗ, ಗ್ರಹದ ನೆರಳಿಗೆ ಹೋದಾಗ ಇನ್ನೊಂದು, ವಯಸ್ಸಾದಂತೆ ಮತ್ತೊಂದು. ಹತ್ತು ಲಕ್ಷದಲ್ಲಿ ಒಂದು ಪಾಲು ಹೆಚ್ಚುಕಮ್ಮಿ ಎಂದರೆ ಕೇಳಲು ಏನೂ ಅಲ್ಲ, ದಿನಕ್ಕೆ 86.4 ಮಿಲಿಸೆಕೆಂಡ್, ತಿಂಗಳಿಗೆ ಎರಡೂವರೆ ಸೆಕೆಂಡಿಗೂ ಮೀರಿ. ಮಂಗಳನ ಹತ್ತಿರದ ಕಕ್ಷೆಯಲ್ಲಿ ನೌಕೆ ಸೆಕೆಂಡಿಗೆ ಸುಮಾರು 3.4 ಕಿಲೋಮೀಟರ್ ಓಡುತ್ತದೆ. ಎರಡೂವರೆ ಸೆಕೆಂಡ್ ತಪ್ಪಿದರೆ ಚಿತ್ರದಲ್ಲಿರುವುದು ಯಾವ ಕುಳಿ ಎಂಬುದೇ ತಪ್ಪುತ್ತದೆ.

ಗಡಿಯಾರವನ್ನು ಆಗಾಗ ತಿದ್ದಿಬಿಡಬಹುದಲ್ಲ? ಗ್ರಹಯಾನಗಳಲ್ಲಿ ಸಾಮಾನ್ಯವಾಗಿ ಆ ಗೋಜಿಗೆ ಹೋಗುವುದಿಲ್ಲ. ತಿದ್ದಿದರೆ ಎಣಿಕೆ ಹಿಂದೆ ಸರಿದು ಒಂದೇ ಸಂಖ್ಯೆ ಎರಡು ಸಲ ಬರಬಹುದು, ಇಲ್ಲವೇ ಮುಂದೆ ಜಿಗಿದು ಒಂದು ಆದೇಶ ನಡೆಯದೇ ಹೋಗಬಹುದು. ಗಡಿಯಾರವನ್ನು ಅದರ ಪಾಡಿಗೆ ಬಿಟ್ಟು, ಅದು ಎಷ್ಟು ತಪ್ಪಿದೆ ಎಂಬುದನ್ನು ಭೂಮಿಯಲ್ಲಿ ಬರೆದಿಟ್ಟುಕೊಳ್ಳುವುದೇ ವಾಸಿ.

ಬರೆದಿಡುವುದು ಹೀಗೆ. ನೌಕೆ ಒಂದು ಸಂದೇಶ ಕಳಿಸುವಾಗ ಅದರ ಮೇಲೆ ತನ್ನ ಎಣಿಕೆಯನ್ನು ನಮೂದಿಸುತ್ತದೆ. ಭೂಮಿಯ ಆಂಟೆನಾ ಅದನ್ನು ಹಿಡಿದ ಕ್ಷಣವನ್ನು ಪರಮಾಣು ಗಡಿಯಾರ ನೋಡಿ ಗುರುತಿಸುತ್ತಾರೆ. ಈ ಎರಡರ ನಡುವೆ ಬೆಳಕು ಪ್ರಯಾಣ ಮಾಡಿದ ಸಮಯವಿದೆ. ನೌಕೆ ಭೂಮಿ–ಸೂರ್ಯರ ನಡುವಿನಷ್ಟು ದೂರದಲ್ಲಿದ್ದರೆ 499 ಸೆಕೆಂಡ್. ಅದನ್ನು ಕಳೆಯಬೇಕು. ನೌಕೆಯೊಳಗೆ ಎಣಿಕೆ ನಮೂದಾದ ಮೇಲೆ ಸಂದೇಶ ರೇಡಿಯೊದಿಂದ ಹೊರಬೀಳುವವರೆಗಿನ ತಡವನ್ನೂ, ಭೂಮಿಯ ಉಪಕರಣಗಳ ತಡವನ್ನೂ ಕಳೆಯಬೇಕು. ಉಳಿದದ್ದೇ ನೌಕೆಯಲ್ಲಿ ಆ ಎಣಿಕೆ ಇದ್ದ ನಿಜವಾದ ಕ್ಷಣ. ದೂರದ ಅಂದಾಜು 300 ಕಿಲೋಮೀಟರ್ ತಪ್ಪಿದರೆ ಇಲ್ಲಿ ಒಂದು ಮಿಲಿಸೆಕೆಂಡ್ ತಪ್ಪುತ್ತದೆ.

ಹೀಗೆ ಒಂದು ಎಣಿಕೆ, ಅದಕ್ಕೆ ಸರಿಹೊಂದುವ ಒಂದು ಕ್ಷಣ ಎಂಬ ಜೋಡಿಗಳು ಸೇರುತ್ತಾ ಹೋಗುತ್ತವೆ. ಅವುಗಳ ನಡುವೆ ನೇರ ಗೆರೆ ಎಳೆಯುತ್ತಾರೆ. ಗಡಿಯಾರದ ವೇಗ ಬದಲಾಗಿ ಗೆರೆ ಹೊಂದದಾದಾಗ ಹೊಸ ಗೆರೆ ಶುರು. ಅಂದರೆ ಕಾಲವನ್ನು ಎಣಿಕೆಗೆ ತಿರುಗಿಸುವ ನಿಯಮ ಎನ್ನುವುದು ಅಳೆದು ಬರೆದ ಒಂದು ಪಟ್ಟಿ. ನೆನ್ನೆಯವರೆಗಿನದು ಅಳತೆ, ನಾಳೆಯದು ಅಂದಾಜು.

ಗಡಿಯಾರದ ಕಡತದೊಳಗೆ ಏನಿದೆ

ಈ ಪಟ್ಟಿಯನ್ನು ಇಡುವ ರೂಢಿಯ ಕ್ರಮವೊಂದಿದೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನೈಫ್ ತಂಡ ರೂಪಿಸಿದ ಸ್ಪೈಸ್ ಎಂಬ ತಂತ್ರಾಂಶ ಸಂಗ್ರಹ ಉಚಿತವಾಗಿ ಸಿಗುತ್ತದೆ. ಹಲವು ದೇಶಗಳ ಗ್ರಹಯಾನಗಳು ಇದನ್ನೇ ಬಳಸುತ್ತವೆ. ಇದರ ದತ್ತಾಂಶ ಕಡತಗಳಿಗೆ ಕರ್ನಲ್ ಎಂದು ಹೆಸರು. ನಮಗೆ ಬೇಕಾದವು ಎರಡು: ಎಲ್ಲ ನೌಕೆಗಳಿಗೂ ಒಂದೇ ಆದ ಅಧಿಕ ಸೆಕೆಂಡ್ ಕರ್ನಲ್, ಆಯಾ ನೌಕೆಯದೇ ಆದ ಗಡಿಯಾರ ಕರ್ನಲ್. ಎರಡೂ ಸಾದಾ ಪಠ್ಯ ಫೈಲುಗಳು, ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು. ಓದಿಯೇ ಮುಂದೆ ಹೋಗಬೇಕು.

ಗಡಿಯಾರ ಕರ್ನಲ್‌ನಲ್ಲಿ ನೌಕೆಯ ಗುರುತಿನ ಸಂಖ್ಯೆ, ಋಣ ಚಿಹ್ನೆ ಬಿಟ್ಟು, ಹೆಚ್ಚಿನ ಹೆಸರುಗಳ ಕೊನೆಗೆ ಅಂಟಿಕೊಂಡಿರುತ್ತದೆ. ನೌಕೆಗಳಿಗೆ ಋಣ ಸಂಖ್ಯೆ ಕೊಡುವುದು ರೂಢಿ: ಕ್ಯಾಸಿನಿಗೆ −82, ವಾಯೇಜರ್ 1ಕ್ಕೆ −31, ಕ್ಯೂರಿಯಾಸಿಟಿಗೆ −76. ಆಮೇಲೆ ಮನೆಗಳೆಷ್ಟು, ಪ್ರತಿ ಮನೆಯಲ್ಲಿ ಎಷ್ಟಕ್ಕೆ ಮುಂದಿನದಕ್ಕೆ ದಾಟುತ್ತದೆ, ಎಣಿಕೆ ಎಷ್ಟರಿಂದ ಶುರು ಎಂಬ ವಿವರ. ವಾಯೇಜರ್‌ನ ಕೊನೆಯ ಮನೆಯ ಆ 1 ಇಲ್ಲೇ ಬರುವುದು. ಪಟ್ಟಿಯ ಕ್ಷಣಗಳು ಟಿಟಿಯಲ್ಲಿವೆಯೋ ಟಿಡಿಬಿಯಲ್ಲಿವೆಯೋ ಎಂದೂ ಒಂದು ಅಂಕಿ ಹೇಳುತ್ತದೆ: 1 ಇದ್ದರೆ ಟಿಡಿಬಿ, 2 ಇದ್ದರೆ ಟಿಟಿ.

ಇನ್ನೊಂದು ವಿಷಯ ಪಾರ್ಟಿಶನ್. ಗಾಡಿಯ ಮೀಟರ್ ಕೆಟ್ಟು ಹೊಸದು ಹಾಕಿದರೆ ಅದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಗಾಡಿ ಎಷ್ಟು ಓಡಿದೆ ಎಂದು ತಿಳಿಯಲು ಹಳೆಯ ಮೀಟರಿನ ಕೊನೆಯ ಅಂಕಿ ನೆನಪಿರಬೇಕು. ನೌಕೆಯ ಕಂಪ್ಯೂಟರ್ ಮರುಚಾಲನೆಯಾಗಿ ಎಣಿಕೆ ಜಿಗಿದಾಗಲೂ ಇದೇ ಗತಿ. ಪ್ರತಿ ಜಿಗಿತಕ್ಕೂ ಹೊಸ ಪಾರ್ಟಿಶನ್ ಶುರುವಾಗುತ್ತದೆ, ಅದರ ಆರಂಭ ಮತ್ತು ಅಂತ್ಯ ಕರ್ನಲ್‌ನಲ್ಲಿರುತ್ತವೆ. ಮೊದಲ ಪಾರ್ಟಿಶನ್ 0ಯಿಂದ 1,000 ಟಿಕ್‌ವರೆಗೆ ಓಡಿ, ಎರಡನೆಯದು 200ರಿಂದ ಶುರುವಾಯಿತು ಎನ್ನಿ. ಎರಡನೆಯದರಲ್ಲಿ 250 ಎಂದು ತೋರಿದರೆ ಒಟ್ಟು ಓಡಿದ್ದು 1,000 ಮತ್ತು 50, ಅಂದರೆ 1,050 ಟಿಕ್. ತಂತ್ರಾಂಶ ಒಳಗೊಳಗೇ ಇಡುವುದು ಈ ಒಟ್ಟು ಟಿಕ್ ಲೆಕ್ಕವನ್ನು.

ಕೊನೆಗೆ ಪಟ್ಟಿ. ಪ್ರತಿ ಸಾಲಿನಲ್ಲಿ ಮೂರು ಸಂಖ್ಯೆ: ಒಟ್ಟು ಟಿಕ್, ಅದಕ್ಕೆ ಸರಿಹೊಂದುವ ಕ್ಷಣ, ಅಲ್ಲಿಂದ ಮುಂದಿನ ದರ. ದೊಡ್ಡ ಮನೆಯ ಒಂದು ಎಣಿಕೆಗೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂಬುದೇ ದರ. ಸಾಮಾನ್ಯವಾಗಿ ಅದು 1ರ ಆಸುಪಾಸು. ವಾಯೇಜರ್‌ನಲ್ಲಿ 2,880ರ ಆಸುಪಾಸು ಕಂಡರೆ ಗಾಬರಿ ಬೇಡ, 48 ನಿಮಿಷಕ್ಕೆ ಅಷ್ಟೇ ಸೆಕೆಂಡ್.

ಇಟಿಯಿಂದ ಟಿಕ್‌ಗೆ

ನಮ್ಮ ಮಾರ್ಚ್ 15ರ ಲೆಕ್ಕ ಮುಂದುವರಿಸೋಣ. ಒಂದು ಕಾಲ್ಪನಿಕ ನೌಕೆ ಇಟ್ಟುಕೊಳ್ಳೋಣ: ಎರಡು ಮನೆ, ಸಣ್ಣದರಲ್ಲಿ 256, ಒಂದೇ ಪಾರ್ಟಿಶನ್, ಪಟ್ಟಿಯ ಕ್ಷಣಗಳು ಟಿಟಿಯಲ್ಲಿ. ಕೊನೆಯ ಸಾಲು ಹೀಗಿದೆ:

1,95,50,72,00,000 ಟಿಕ್, ಟಿಟಿ 76,37,00,003.250, ದರ 1.0000004

ಟಿಕ್ ಸಂಖ್ಯೆಯನ್ನು 256ರಿಂದ ಭಾಗಿಸಿದರೆ ದೊಡ್ಡ ಮನೆಯಲ್ಲಿ 76,37,00,000. ಅಂದರೆ ಆ ಹೊತ್ತಿಗೆ ಗಡಿಯಾರ ಮೂರೂಕಾಲು ಸೆಕೆಂಡ್ ಹಿಂದಿತ್ತು. ದರ ಒಂದಕ್ಕಿಂತ ಹೆಚ್ಚಿರುವುದರಿಂದ ಇನ್ನೂ ಹಿಂದೆ ಬೀಳುತ್ತಾ ಇದೆ.

ಪಟ್ಟಿ ಟಿಟಿಯಲ್ಲಿರುವುದರಿಂದ ಇಟಿಯನ್ನು ಮತ್ತೆ ಟಿಟಿಗೆ ಇಳಿಸಬೇಕು, 76,37,56,269.184. ಸಾಲಿನ ಕ್ಷಣದಿಂದ ಇಲ್ಲಿಗೆ 56,265.934 ಸೆಕೆಂಡ್. ಇದನ್ನು 1.0000004ರಿಂದ ಭಾಗಿಸಿದರೆ ಗಡಿಯಾರ ನಿಜವಾಗಿ ಎಣಿಸಿದ್ದು 56,265.9115. ದೊಡ್ಡ ಮನೆಗೆ ಕೂಡಿಸಿ: 76,37,56,265.9115. ದಶಾಂಶದ ಭಾಗವನ್ನು 256ರಿಂದ ಗುಣಿಸಿದರೆ 233.3, ಹತ್ತಿರದ ಪೂರ್ಣಾಂಕ 233. ಉತ್ತರವನ್ನು ಬರೆಯುವ ರೀತಿ:

1/763756265.233

ಮೊದಲ 1 ಪಾರ್ಟಿಶನ್. ಚುಕ್ಕಿಯ ಮುಂದಿರುವುದು ಟಿಕ್. ಆ ಚುಕ್ಕಿ ದಶಾಂಶ ಬಿಂದುವಲ್ಲ! 233 ಎಂದರೆ 0.233 ಸೆಕೆಂಡ್ ಎಂದು ಓದಿದರೆ ಕೆಟ್ಟಿತು. ಅದು 256ರಲ್ಲಿ 233, ಅಂದರೆ 0.910 ಸೆಕೆಂಡ್. ಈ ಚುಕ್ಕಿಯಷ್ಟು ಜನರನ್ನು ದಾರಿ ತಪ್ಪಿಸಿದ್ದು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎನ್ನಬಹುದು. ಕೆಲವು ನೌಕೆಗಳ ಕರ್ನಲ್ ಚುಕ್ಕಿಯ ಬದಲು ಅಡ್ಡಗೆರೆಯನ್ನೋ ಎರಡು ಚುಕ್ಕಿಯನ್ನೋ ಬಳಸುತ್ತದೆ, ಅದು ಎಷ್ಟೋ ಮೇಲು.

ದರವನ್ನು ಮರೆತು 1 ಎಂದೇ ಹಿಡಿದಿದ್ದರೆ 239 ಬರುತ್ತಿತ್ತು. ಹದಿನಾರು ಗಂಟೆಯೊಳಗೆ ಆರು ಟಿಕ್ ವ್ಯತ್ಯಾಸ.

ಕೋಡ್ ಬರೆಯುವಾಗ

ಪೈಥಾನ್‌ನಲ್ಲಿ ಸ್ಪೈಸ್ ಬಳಸಲು ಸ್ಪೈಸಿಪೈ ಎಂಬ ಹೊದಿಕೆ ಇದೆ. ಸಿ, ಫೋರ್ಟ್ರಾನ್, ಮ್ಯಾಟ್‌ಲ್ಯಾಬ್‌ಗೂ ಮೂಲ ತಂಡದ್ದೇ ಆವೃತ್ತಿಗಳಿವೆ. ಎಲ್ಲದರಲ್ಲೂ ಕೆಲಸ ಮೂರೇ ಹೆಜ್ಜೆ. ಫರ್ನ್ಶ್ ಎಂಬ ಆದೇಶದಿಂದ ಎರಡೂ ಕರ್ನಲ್‌ಗಳನ್ನು ಲೋಡ್ ಮಾಡಿ. ಎಸ್‌ಟಿಆರ್2ಇಟಿಗೆ ತಾರೀಕಿನ ಪಠ್ಯ ಕೊಟ್ಟು ಇಟಿ ಪಡೆಯಿರಿ. ಎಸ್‌ಸಿಇ2ಎಸ್‌ಗೆ ನೌಕೆಯ ಸಂಖ್ಯೆಯನ್ನೂ ಇಟಿಯನ್ನೂ ಕೊಟ್ಟರೆ ಮೇಲಿನಂಥ ಗಡಿಯಾರ ಪಠ್ಯ ಬರುತ್ತದೆ. ಹಿಂದಕ್ಕೆ ಬರಲು, ಅಂದರೆ ಫೈಲಿನ ಹೆಸರಿನ ಸಂಖ್ಯೆಯಿಂದ ತಾರೀಕಿಗೆ, ಎಸ್‌ಸಿಎಸ್2ಇ.

ಈ ಮೂರು ಹೆಜ್ಜೆಯಲ್ಲೇ ಎಡವಲು ಸಾಕಷ್ಟು ಜಾಗವಿದೆ. ಗಡಿಯಾರ ಕರ್ನಲ್ ಒಂದನ್ನೇ ಲೋಡ್ ಮಾಡಿ ಅಧಿಕ ಸೆಕೆಂಡ್ ಕರ್ನಲ್ ಬಿಟ್ಟರೆ, ಪಟ್ಟಿ ಟಿಟಿಯಲ್ಲಿರುವ ನೌಕೆಗಳಿಗೆ ಪರಿವರ್ತನೆ ದೋಷ ತೋರಿಸಿ ನಿಲ್ಲುತ್ತದೆ. ಟಿಟಿ–ಟಿಡಿಬಿ ಲೆಕ್ಕದ ಸ್ಥಿರಾಂಕಗಳು ಇರುವುದು ಆ ಕರ್ನಲ್‌ನಲ್ಲೇ. ತಾರೀಕಿನ ಪಠ್ಯದಲ್ಲಿ ಯಾವ ಕಾಲ ಎಂದು ಬರೆಯದಿದ್ದರೆ ತಂತ್ರಾಂಶ ಅದನ್ನು ಯುಟಿಸಿ ಎಂದು ತಿಳಿಯುತ್ತದೆ, ನಿಮ್ಮ ಮನಸ್ಸಿನಲ್ಲಿ ಟಿಡಿಬಿ ಇದ್ದರೆ 69 ಸೆಕೆಂಡ್ ಸದ್ದಿಲ್ಲದೆ ತಪ್ಪುತ್ತದೆ. ಒಂದೇ ನೌಕೆಯ ಎರಡು ಗಡಿಯಾರ ಕರ್ನಲ್ ಲೋಡ್ ಆದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ, ಅದು ಹಳೆಯದಾಗಿದ್ದರೂ ಸರಿಯೇ. ಪಾರ್ಟಿಶನ್ ಸಂಖ್ಯೆ ಬಿಟ್ಟು ಎಣಿಕೆ ಕೊಟ್ಟರೆ, ಆ ಎಣಿಕೆ ಇರುವ ಮೊಟ್ಟಮೊದಲ ಪಾರ್ಟಿಶನ್ ಅನ್ನು ತಂತ್ರಾಂಶ ಆರಿಸಿಕೊಳ್ಳುತ್ತದೆ. ಗಡಿಯಾರ ಮರುಚಾಲನೆಯಾದ ನೌಕೆಯಲ್ಲಿ ಇದರಿಂದ ವರ್ಷಗಟ್ಟಲೆ ಹಿಂದಿನ ತಾರೀಕು ಬರಬಹುದು.

ಪಟ್ಟಿಯ ಕೊನೆಯ ಸಾಲಿನ ಆಚೆಗಿನ ಕ್ಷಣ ಕೇಳಿದರೆ ತಂತ್ರಾಂಶ ತಕರಾರು ಮಾಡುವುದಿಲ್ಲ, ಕೊನೆಯ ದರವನ್ನೇ ಎಳೆದುಕೊಂಡು ಹೋಗಿ ಉತ್ತರ ಕೊಡುತ್ತದೆ. ಮುಂದಿನ ವಾರದ ಆದೇಶಗಳನ್ನು ಸಿದ್ಧ ಮಾಡುವವರಿಗೆ ಇದು ಬೇಕೇ ಬೇಕು. ಆದರೆ ಎರಡು ವರ್ಷ ಹಳೆಯ ಕರ್ನಲ್ ಇಟ್ಟುಕೊಂಡು ಇವತ್ತಿನ ಚಿತ್ರ ನೋಡುವವರಿಗೂ ಅದು ಅಷ್ಟೇ ಧೈರ್ಯದಿಂದ ಉತ್ತರ ಕೊಡುತ್ತದೆ.

ಸ್ಪೈಸ್ ಬಿಟ್ಟು ಭಾಷೆಯದೇ ತಾರೀಕಿನ ಸೌಲಭ್ಯ ಬಳಸಿದರೆ ಬೇರೆ ತೊಂದರೆ. ಕಂಪ್ಯೂಟರುಗಳು 1970ರಿಂದ ಸೆಕೆಂಡ್ ಎಣಿಸುವ ಯುನಿಕ್ಸ್ ಕಾಲ ಅಧಿಕ ಸೆಕೆಂಡ್ ಇಲ್ಲವೇ ಇಲ್ಲ ಎಂಬಂತೆ ಎಣಿಸುತ್ತದೆ. ಪೈಥಾನ್‌ನ ಡೇಟ್‌ಟೈಮ್‌ಗೆ 23:59:60 ಕೊಟ್ಟರೆ ಸೆಕೆಂಡ್ 59 ಮೀರಬಾರದು ಎಂದು ನಿರಾಕರಿಸುತ್ತದೆ. ಎರಡು ಯುಟಿಸಿ ಕ್ಷಣಗಳನ್ನು ಇವುಗಳಲ್ಲಿ ಕಳೆದರೆ ನಡುವೆ ಎಷ್ಟು ಅಧಿಕ ಸೆಕೆಂಡುಗಳಿವೆಯೋ ಅಷ್ಟು ಕಡಿಮೆ ಬರುತ್ತದೆ.

ಬಿಟ್‌ಗಳು ಸಾಲುತ್ತವೆಯೇ

ಇಟಿಯಂಥ ಸಂಖ್ಯೆಯನ್ನು ಕಂಪ್ಯೂಟರು ದಶಾಂಶ ಸಂಖ್ಯೆ ಇಡಲು ಬಳಸುವ 64 ಬಿಟ್‌ನ ಡಬಲ್‌ನಲ್ಲಿ ಇಟ್ಟರೆ, ಈಗಿನ ವರ್ಷಗಳಲ್ಲಿ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ ಸುಮಾರು 0.12 ಮೈಕ್ರೊಸೆಕೆಂಡ್. ನಮ್ಮ ಕೆಲಸಕ್ಕೆ ಧಾರಾಳ. ಅದೇ ಕ್ಷಣವನ್ನು ಜೂಲಿಯನ್ ದಿನವಾಗಿ, ಅಂದರೆ ಬಹು ಹಿಂದಿನ ಒಂದು ದಿನದಿಂದ ಬಿಡದೆ ಎಣಿಸಿದ ದಿನಗಳ ಸಂಖ್ಯೆಯಾಗಿ 2460384.77 ಎಂಬ ರೀತಿಯಲ್ಲಿ ಒಂದೇ ಡಬಲ್‌ನಲ್ಲಿ ಇಟ್ಟರೆ ಅಂತರ 40 ಮೈಕ್ರೊಸೆಕೆಂಡಿಗೆ ಏರುತ್ತದೆ. ದೊಡ್ಡ ಸಂಖ್ಯೆಯೇ ಅಂಕಿಗಳನ್ನು ತಿಂದುಹಾಕುವುದರಿಂದ ಹೀಗೆ. ಅದಕ್ಕೇ ಎಚ್ಚರವಿರುವ ಲೈಬ್ರರಿಗಳು ಜೂಲಿಯನ್ ದಿನವನ್ನು ಎರಡು ತುಂಡಾಗಿ ಇಡುತ್ತವೆ. ಜಾಗ ಉಳಿಸಲೆಂದು 32 ಬಿಟ್‌ನ ಫ್ಲೋಟ್ ಬಳಸಿದರಂತೂ ಇಟಿಯ ಅಂತರ 64 ಸೆಕೆಂಡ್! ಒಂದು ನಿಮಿಷದ ಎಲ್ಲ ಚಿತ್ರಗಳಿಗೂ ಒಂದೇ ಸಮಯ ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ನೌಕೆಯ ಕಡೆಯೂ ಇದೇ ಲೆಕ್ಕ. ಚಿಹ್ನೆಯಿಲ್ಲದ 32 ಬಿಟ್‌ನಲ್ಲಿ ಸೆಕೆಂಡ್ ಎಣಿಸಿದರೆ ತುಂಬಲು 136 ವರ್ಷ ಬೇಕು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಎಣಿಸಿದರೆ ಹದಿಮೂರೂವರೆ ವರ್ಷ ಮಾತ್ರ. 2000ದ ಜನವರಿ 1ರಿಂದ ಹಾಗೆ ಎಣಿಸಿದರೆ ತುಂಬುವುದು 2013ರ ಆಗಸ್ಟ್ 11ಕ್ಕೆ. 2005ರಲ್ಲಿ ಟೆಂಪಲ್ 1 ಧೂಮಕೇತುವಿಗೆ ಗುಂಡು ಹೊಡೆದ ಡೀಪ್ ಇಂಪ್ಯಾಕ್ಟ್ ನೌಕೆ ಕೊನೆಯ ಸಲ ಮಾತಾಡಿದ್ದು 2013ರ ಆಗಸ್ಟ್ 8ರಂದು. ಕಾರಣ ಖಚಿತವಾಗಿ ಗೊತ್ತಿಲ್ಲವೆಂದೂ, ಕಂಪ್ಯೂಟರಿನ ಕಾಲ ನಮೂದಿಸುವ ಭಾಗದಲ್ಲಿ ದೋಷವಿದ್ದಂತಿದೆಯೆಂದೂ ನಾಸಾ ಹೇಳಿತು.

ಎಣಿಕೆ ಎಲ್ಲಿಂದ ಶುರು ಎಂಬುದು ತಪ್ಪಿದರೂ ಅಷ್ಟೇ. 2019ರ ಡಿಸೆಂಬರ್ 20ರಂದು ಹಾರಿದ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ನೌಕೆ ತನ್ನ ಗಡಿಯಾರಕ್ಕೆ ರಾಕೆಟ್ಟಿನಿಂದ ಸಮಯ ತೆಗೆದುಕೊಂಡಾಗ 11 ಗಂಟೆ ತಪ್ಪಿತು. ತಾನು ಪಯಣದ ಯಾವ ಹಂತದಲ್ಲಿದ್ದೇನೆ ಎಂಬುದೇ ತಪ್ಪಿ ಇಂಧನ ಖರ್ಚಾಗಿ, ಬಾಹ್ಯಾಕಾಶ ನಿಲ್ದಾಣ ತಲುಪದೆ ಎರಡು ದಿನದಲ್ಲಿ ಭೂಮಿಗೆ ವಾಪಸಾಯಿತು.

ನಿಮ್ಮ ಕೋಡ್ ಸರಿಯಿದೆಯೇ

ಯಾವ ನೌಕೆಯ ದತ್ತಾಂಶ ಮುಟ್ಟುವ ಮೊದಲೂ ಓಡಿಸಬಹುದಾದ ಕೆಲವು ಪರೀಕ್ಷೆಗಳಿವೆ. ಯುಟಿಸಿ 2000 ಜನವರಿ 1, 11:58:55.816 ಕೊಟ್ಟರೆ ಇಟಿ ಸೊನ್ನೆಯ ಹತ್ತಿರ, ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬರಬೇಕು. −64 ಎಂದು ಬಂದರೆ ಯುಟಿಸಿಯ ಮಧ್ಯಾಹ್ನವನ್ನು ಸೊನ್ನೆ ಮಾಡಿಕೊಂಡಿದ್ದೀರಿ, ಹುಡುಕುವುದೇ ಬೇಡ. 2016 ಡಿಸೆಂಬರ್ 31ರ 23:59:59ಕ್ಕೂ 2017 ಜನವರಿ 1ರ 00:00:00ಕ್ಕೂ ಇಟಿಯಲ್ಲಿ ಎರಡು ಸೆಕೆಂಡ್ ವ್ಯತ್ಯಾಸ ಇರಬೇಕು; ಒಂದೇ ಬಂದರೆ ಅಧಿಕ ಸೆಕೆಂಡ್ ಕರ್ನಲ್ ಹಳೆಯದು. ಆ ಕರ್ನಲ್‌ನ 12ನೇ ಆವೃತ್ತಿಯಲ್ಲಿ ಈ ಸೆಕೆಂಡ್ ಇದೆ. 2035ರೊಳಗೆ ಅಧಿಕ ಸೆಕೆಂಡಿನ ಪದ್ಧತಿಯನ್ನು ಕೈಬಿಡುವ ದಾರಿ ಹುಡುಕಲು 2022ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಗಿದೆ, ಆದರೂ ಹಳೆಯ 27 ಸೆಕೆಂಡುಗಳು ಹಳೆಯ ದತ್ತಾಂಶದಲ್ಲಿ ಇದ್ದೇ ಇರುತ್ತವೆ.

ಗಡಿಯಾರಕ್ಕೆ ಹೋಗಿಬರುವ ಪರೀಕ್ಷೆ ಮಾಡಿ: ಇಟಿಯನ್ನು ಗಡಿಯಾರ ಪಠ್ಯಕ್ಕೆ ತಿರುಗಿಸಿ, ಅದನ್ನೇ ಮತ್ತೆ ಇಟಿಗೆ ತನ್ನಿ. ವ್ಯತ್ಯಾಸ ಅರ್ಧ ಟಿಕ್ ಮೀರಬಾರದು. 256 ಟಿಕ್‌ನ ಗಡಿಯಾರದಲ್ಲಿ ಅದು ಎರಡು ಮಿಲಿಸೆಕೆಂಡಿನೊಳಗೆ. ಸೊನ್ನೆಯೇ ಬರಬೇಕೆಂದು ಪರೀಕ್ಷೆ ಬರೆದರೆ ಅದು ಸರಿಯಾದ ಕೋಡನ್ನೂ ಫೇಲ್ ಮಾಡುತ್ತದೆ. ಅಷ್ಟು ಸೂಕ್ಷ್ಮ ಬೇಕಿದ್ದರೆ ಎಸ್‌ಸಿಇ2ಸಿ ಬಳಸಿ, ಅದು ಟಿಕ್ ಅನ್ನು ಪೂರ್ಣಾಂಕಕ್ಕೆ ತರದೆ ಭಿನ್ನದ ಸಮೇತ ಕೊಡುತ್ತದೆ.

ಫಲಿತಾಂಶವನ್ನು ಉಳಿಸುವಾಗ ತಾರೀಕನ್ನಷ್ಟೇ ಇಡಬೇಡಿ. ಮೂಲ ಗಡಿಯಾರ ಪಠ್ಯವನ್ನು ಪಾರ್ಟಿಶನ್ ಸಮೇತ ಇಡಿ, ಪಕ್ಕದಲ್ಲಿ ಯಾವ ಎರಡು ಕರ್ನಲ್ ಬಳಸಿದಿರಿ ಎಂಬ ಫೈಲಿನ ಹೆಸರನ್ನೂ ಬರೆಯಿರಿ. ತಂಡ ಆರು ತಿಂಗಳ ಮೇಲೆ ಅದೇ ಅವಧಿಯನ್ನು ಮತ್ತೆ ಅಳೆದು ಹೊಸ ಕರ್ನಲ್ ಬಿಟ್ಟರೆ, ಎಣಿಕೆ ಹಾಗೇ ಇರುತ್ತದೆ, ತಾರೀಕಿನ ಕೊನೆಯ ಅಂಕಿಗಳು ಬದಲಾಗುತ್ತವೆ.